ಐವತ್ತಕ್ಕೆ ಐವತ್ತು

ಆ ಫಾರಮ್ಮನ್ನು ಉಸ್ತುವಾರಿ ಅಷ್ಟು ಶ್ರದ್ಧೆಯಿಂದ ತುಂಬದೇ ಹೋಗಿದ್ದರೆ ಯಾವ ತೊಂದರೆಯೂ ಇರಲಿಲ್ಲ.

ಹಾಲಿನ ಕೇಂದ್ರಗಳಿಗೆಲ್ಲ ದೊಡ್ಡ ಕಚೇರಿಯಿಂದ ವರ್ಷಕ್ಕೊಮ್ಮೆ ಬರುವ ಫಾರಮ್ಮು ಅದು. ಇಪ್ಪತ್ತೆರಡು ಪ್ರಶ್ನೆಗಳು. ಬೇರೆ ಕೇಂದ್ರಗಳವರು ಹೋದ ವರ್ಷದ್ದನ್ನು ಮುಂದಿಟ್ಟುಕೊಂಡು ನಕಲು ಮಾಡಿ, ಸಹಿ ಗೀಚಿ, ಲಾರಿಯವನ ಕೈಗೆ ಕೊಟ್ಟು ಮರೆತುಬಿಡುತ್ತಿದ್ದರು. ಈ ಕೇಂದ್ರದ ಉಸ್ತುವಾರಿ ಮಾತ್ರ ಎರಡು ಸಂಜೆ ಕೂತು, ಕೈತೊಳೆದು ಒರೆಸಿಕೊಂಡು, ಮಗಳ ಸ್ಕೇಲು ಇಸಕೊಂಡು ಅಕ್ಷರ ಸಾಲು ತಪ್ಪದ ಹಾಗೆ ಬರೆಯುತ್ತಿದ್ದ. ಹದಿನೇಳನೆಯ ಪ್ರಶ್ನೆ ಹೀಗಿತ್ತು: ‘ಕೆಲಸದ ವೇಳೆಯಲ್ಲಿ ಸಿಬ್ಬಂದಿ ಪರಸ್ಪರ ಮಾತನಾಡುತ್ತಾರೆಯೇ?’

ಕೆಲಸ ಬಿಟ್ಟು ಹರಟೆ ಹೊಡೆಯುವವರನ್ನು ಹಿಡಿಯಲು ಹಾಕಿದ ಬಲೆ ಇದು ಎಂದು ಉಸ್ತುವಾರಿಗೆ ಅನಿಸಿತು. ಹೆಮ್ಮೆಯಿಂದ ಬರೆದ: ‘ಇಲ್ಲ. ನಮ್ಮ ತೂಕದವನೂ ಟೆಸ್ಟರೂ ಪಕ್ಕಪಕ್ಕದಲ್ಲೇ ನಿಂತು ಕೆಲಸ ಮಾಡುತ್ತಾರೆ. ಆರು ವರ್ಷಗಳಿಂದ ಒಂದೇ ಒಂದು ಮಾತನ್ನೂ ಆಡಿಲ್ಲ.’ ‘ಒಂದೇ ಒಂದು’ ಎಂಬುದರ ಕೆಳಗೆ ಸ್ಕೇಲು ಇಟ್ಟು ಎರಡು ಗೆರೆ ಎಳೆದ.

ಉತ್ತರ ಬರಲು ಮೂರು ತಿಂಗಳು ಹಿಡಿಯಿತು. ಒಂದು ಗುರುವಾರ ಬೆಳಿಗ್ಗೆ ಲಾರಿಯವನು ಖಾಲಿ ಕ್ಯಾನುಗಳ ಜೊತೆ ಒಂದು ಲಕೋಟೆಯನ್ನೂ ಇಳಿಸಿದ. ಅದು ಅವನ ಲಾರಿಯ ಸೀಟಿನಡಿ ಐದಾರು ದಿನ ಇದ್ದದ್ದಕ್ಕೆ ಸಾಕ್ಷಿಯಾಗಿ ಬೂಟಿನ ಗುರುತೊಂದು ಮೇಲೆ ಬಿದ್ದಿತ್ತು. ಉಸ್ತುವಾರಿ ನಿಂತಲ್ಲೇ ಒಡೆದು ಓದಿದ. ‘ತಮ್ಮ ಕೇಂದ್ರದಲ್ಲಿ ಸಿಬ್ಬಂದಿಯ ನಡುವಿನ ಸಂವಹನ ಸಂಪೂರ್ಣ ನಿಂತುಹೋಗಿರುವುದನ್ನು ತಾವೇ ಒಪ್ಪಿಕೊಂಡಿರುತ್ತೀರಿ. ಗುಂಪು ಆಟಗಳ ಮೂಲಕ ಇದನ್ನು ಸರಿಪಡಿಸಲು ತರಬೇತುದಾರರು ಬರಲಿದ್ದಾರೆ. ಆಟಗಳಿಗೆ ಐವತ್ತು ಅಂಕ. ಇಪ್ಪತ್ತೈದಕ್ಕಿಂತ ಕಡಿಮೆ ಬಂದಲ್ಲಿ ಕೇಂದ್ರದ ಐದೂ ಮಂದಿಯನ್ನು ವರ್ಗಾಯಿಸಿ ಬೇರೆಯವರನ್ನು ನೇಮಿಸಲಾಗುವುದು.’ ಬರುವ ದಿನಾಂಕವನ್ನೂ ಕೊಟ್ಟಿದ್ದರು. ಉಸ್ತುವಾರಿ ಗೋಡೆಯ ಕ್ಯಾಲೆಂಡರು ನೋಡಿದ. ಅದು ಅವತ್ತೇ.

ವರ್ಗ ಅನ್ನುವ ಮಾತಿಗೆ ಬಂದು ಉಸ್ತುವಾರಿ ಅದನ್ನು ಇನ್ನೊಂದು ಸಲ ಓದಿದ. ಒಂಬತ್ತು ವರ್ಷದಲ್ಲಿ ಐದು ವರ್ಗ ಆಗಿತ್ತು. ಹಿಂದಿನ ನಾಲ್ಕು ಬಾಡಿಗೆ ಮನೆಗಳಲ್ಲಿ ಅವನ ಹೆಂಡತಿ ಗೋಡೆಗೆ ಒಂದು ಮೊಳೆ ಹೊಡೆದವಳಲ್ಲ. “ಹೊಡೆದು ಏನು, ಕಿತ್ತು ಹೊರಡೋಕೆ ತಾನೇ?” ಅನ್ನುತ್ತಿದ್ದಳು. ಈ ಮನೆಗೆ ಬಂದು ಮೂರು ವರ್ಷ ಕಳೆದ ಮೇಲೆ, ಹೋದ ತಿಂಗಳು, ಕಲ್ಲು ತಗೊಂಡು ಒಂದೇ ಮಧ್ಯಾಹ್ನ ಹನ್ನೊಂದು ಮೊಳೆ ಹೊಡೆದಿದ್ದಳು. ಮಗಳದ್ದು ಇನ್ನೊಂದು ಕತೆ. ಈ ಶಾಲೆಗೆ ಸೇರಿದ ಮೊದಲ ದಿನ ಬಂದು, “ಅಪ್ಪಾ, ಇಲ್ಲಿಯವರ ಹೆಸರೆಲ್ಲ ನೆನಪಿಟ್ಕೊಳ್ಳಲಾ, ಸುಮ್ನೆ ‘ಏಯ್’ ಅಂತ ಕರೆದ್ರೆ ಸಾಕಾ?” ಅಂದಿದ್ದಳು. “ನೆನಪಿಟ್ಕೋ ಮಗಳೇ” ಎಂದು ಉಸ್ತುವಾರಿ ಮಾತು ಕೊಟ್ಟಿದ್ದ.

ಲಕೋಟೆಯನ್ನು ಜೇಬಿಗಿಟ್ಟುಕೊಂಡು ಅವನು ಹೊರಗೆ ಬಂದಾಗ ಬೆಳಗಿನ ಹಾಲಿನ ಕೊನೆಯ ಸಾಲು ಸಾಗುತ್ತಿತ್ತು. ತೂಕದವನು ಕ್ಯಾನನ್ನು ತಕ್ಕಡಿಗೆ ಏರಿಸಿ, ಕಬ್ಬಿಣದ ಕೊಕ್ಕೆಯಿಂದ ಅದರ ಪಕ್ಕೆಗೆ ಒಂದು ಸಲ ಟಣ್ ಅನಿಸಿದ. ಆಚೆ ಮೇಜಿನಿಂದ ಟೆಸ್ಟರು ತಲೆಯೆತ್ತದೆ ಬಂದು ಚಮಚದಷ್ಟು ಹಾಲು ತಗೊಂಡು ಹೋಗಿ, ಗಾಜಿನ ಕಡ್ಡಿಯಿಂದ ಸೀಸೆಯ ಸ್ಟ್ಯಾಂಡಿಗೆ ಒಂದು ಸಲ ಟಿಣ್ ಅನಿಸಿದ. ಒಂದು ಸಲ ಅಂದರೆ ಒಳ್ಳೆ ಹಾಲು, ಎರಡು ಅಂದರೆ ಇನ್ನೊಂದು ಸಲ ನೋಡಬೇಕು, ಮೂರು ಅಂದರೆ ಮನೆಗೆ ಒಯ್ಯಿ. ಹೀಗೆ ಒಂದು ಕ್ಯಾನು ಬಂದು ಹೋಗಲು ಬೀಡಿ ಹಚ್ಚುವಷ್ಟು ಹೊತ್ತೂ ಬೇಡ.

ಇಬ್ಬರೂ ಹೊರಗಿನವರಲ್ಲ, ಭಾವ ಮೈದುನರು. ಟೆಸ್ಟರಿನ ಅಕ್ಕನನ್ನೇ ತೂಕದವನಿಗೆ ಕೊಟ್ಟಿದ್ದು. ಆರು ವರ್ಷದ ಹಿಂದೆ ತೂಕದವನ ಮನೆಯ ಹಾಲೂ ಸಾಲಿನಲ್ಲಿ ಬಂದಿತ್ತು. ಹಾಲು ಎಷ್ಟು ಗಟ್ಟಿ ಎಂಬ ಡಿಗ್ರಿಯನ್ನು ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಕೂಗುವುದು ಆಗಿನ ನಿಯಮ. ಟೆಸ್ಟರು ಕೊಳವೆ ಅದ್ದಿ ನೋಡಿ, ಯಾರ ಮನೆಯದು ಎಂಬುದನ್ನೂ ನೋಡದೆ, “ಇಪ್ಪತ್ತೆರಡು! ಅರ್ಧ ಬಾವಿ ನೀರು!” ಎಂದು ಕೂಗಿಬಿಟ್ಟ. ಇಡೀ ಸಾಲು ಘೊಳ್ಳೆಂದು ನಕ್ಕಿತು. ಅವತ್ತು ಬಾಯಿ ಮುಚ್ಚಿದ ತೂಕದವನು ಮತ್ತೆ ಅವನ ಕಡೆಗೆ ತೆರೆದಿರಲಿಲ್ಲ.

“ಅಣ್ಣಾ,” ಎಂದ ಉಸ್ತುವಾರಿ, ಕಾಗದದ ವಿಷಯವನ್ನು ಎಲ್ಲರಿಗೂ ಹೇಳಿ ಮುಗಿಸಿ ತೂಕದವನ ಹತ್ತಿರ ಹೋಗಿ, “ಇವತ್ತೊಂದು ದಿನ ಬಾಮೈದನ ಹತ್ರ ಒಂದೇ ಒಂದು ಮಾತಾಡು. ‘ಊಟ ಆಯ್ತಾ’ ಅಂದ್ರೂ ಸಾಕು.”

“ಅವನ ಊಟ ಕಟ್ಕೊಂಡು ನಂಗೇನ್ ಸಾಹೇಬ್ರೆ? ಅವನೇ ಮೊದ್ಲು ಆಡ್ಲಿ.”

ಉಸ್ತುವಾರಿ ಟೆಸ್ಟರಿನ ಮೇಜಿಗೆ ಬಂದ. ಟೆಸ್ಟರು ಕನ್ನಡಕ ಒರೆಸುತ್ತ, “ನಾನು ಚಿಕ್ಕೋನು ಸಾರ್. ದೊಡ್ಡೋರು ಮೊದ್ಲು ಮಾತಾಡ್ಸಬೇಕು. ಅದು ಮರ್ಯಾದೆ” ಎಂದ.

“ಇಬ್ಬರದ್ದೂ ನಾನೇ ಆಡಿಬಿಡ್ತೀನಿ ಸಾರ್, ಬಿಡಿ” ಎಂದಳು ರಿಜಿಸ್ಟರ್ ಬರೆಯುವಾಕೆ. ಅವಳನ್ನು ಊರೆಲ್ಲ ರೇಡಿಯೋ ಎಂದೇ ಕರೆಯುತ್ತಿತ್ತು. ಬೆಳಿಗ್ಗೆ ಆರಕ್ಕೆ ಶುರುವಾದರೆ ಬಾಗಿಲು ಹಾಕುವವರೆಗೂ ನಿಲ್ಲುತ್ತಿರಲಿಲ್ಲ. “ಆರು ವರ್ಷದಿಂದ ಈ ಕೇಂದ್ರದಲ್ಲಿ ಐದು ಜನರ ಮಾತನ್ನ ಒಬ್ಳೇ ಆಡ್ತಿದೀನಿ. ಅದಕ್ಕೆ ಅಂಕ ಇಲ್ವಂತಾ?”

ಕ್ಯಾನು ತೊಳೆಯುವ ತಾತ ತೊಟ್ಟಿಯ ಬಳಿಯಿಂದ, “ಏನ್ ಆಟವಂತೆ ಮಗಾ?” ಎಂದು ಕೇಳಿದ.

“ಗುಂಪು ಆಟ ತಾತ.”

“ಎಪ್ಪತ್ತೆರಡು ನಂಗೆ. ಗೋಲಿ ಆದ್ರೆ ಆಡ್ತೀನಿ, ಓಡೋದು ಆಗಲ್ಲ.”

ಹತ್ತು ಗಂಟೆಗೆ ತರಬೇತುದಾರಳು ಸ್ಕೂಟರಿನಲ್ಲಿ ಬಂದಳು. ಕೊರಳಲ್ಲಿ ಪೀಪಿ, ಹೆಗಲಲ್ಲಿ ಮೂಟೆಯಂಥ ಚೀಲ, ಅದರೊಳಗೆ ಚೆಂಡು, ಹಗ್ಗ, ಕಣ್ಣು ಕಟ್ಟುವ ಬಟ್ಟೆ. ಮೂವತ್ತರ ಆಸುಪಾಸಿನ ಹೆಂಗಸು. ನಕ್ಕರೆ ಎಂಥವರೂ ನಗಬೇಕು, ಹಾಗೆ ನಗುತ್ತಿದ್ದಳು. “ಎಲ್ಲರೂ ಕೈ ಕೈ ಹಿಡ್ಕೊಂಡು ದುಂಡಗೆ ನಿಲ್ಲೋಣ!” ಎಂದಳು. ತೂಕದವನೂ ಟೆಸ್ಟರೂ ಅಕ್ಕಪಕ್ಕ ಬಾರದ ಹಾಗೆ ಮೂರು ಸಲ ಜಾಗ ಬದಲಾಯಿಸಿದರು. ನಾಲ್ಕನೆಯ ಸಲಕ್ಕೆ ತಾತ ತಲೆ ಸುತ್ತಿ ಕೂತುಬಿಟ್ಟ.

ಸುದ್ದಿ ಹಾಲಿಗಿಂತ ಬೇಗ ಉಕ್ಕಿತು. ಎದುರಿನ ಪಂಕ್ಚರ್ ಅಂಗಡಿಯವನು ಯಾರದೋ ಟ್ಯೂಬನ್ನು ನೀರಿನಲ್ಲೇ ಬಿಟ್ಟು ಕಾಂಪೌಂಡಿನ ಗೋಡೆ ಹತ್ತಿ ಕುಳಿತ. ಹಾಲು ಹಾಕಲು ಬಂದು ಮನೆಗೆ ಹೊರಟಿದ್ದವರು ತಿರುಗಿ ಬಂದರು. ಹತ್ತೇ ನಿಮಿಷದಲ್ಲಿ ಗೋಡೆಯ ಮೇಲೆ ತಂತಿಯ ಮೇಲಿನ ಗುಬ್ಬಿಗಳಂತೆ ಇಪ್ಪತ್ತು ಜನ.

“ಸಾಹೇಬ್ರೆ, ಶರ್ಟು ಒಳಗೆ ಹಾಕ್ಕೊಳ್ಳಿ! ಓಡೋವಾಗ ಸಿಕ್ಕಾಕೊಳ್ತದೆ!” ಎಂದು ಪಂಕ್ಚರಿನವನು ಅಲ್ಲಿಂದಲೇ ಸಲಹೆ ಕೊಟ್ಟ.

ಮೊದಲ ಆಟ ಸುಲಭದ್ದು, ಹತ್ತು ಅಂಕಕ್ಕೆ. ಚೆಂಡನ್ನು ಯಾರಿಗಾದರೂ ಎಸೆಯಬೇಕು. ಎಸೆಯುವಾಗ ಅವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಒಮ್ಮೆ ಚೆಂಡು ಕೈಗೆ ಬಂದವರಿಗೆ ಮತ್ತೆ ಎಸೆಯುವಂತಿಲ್ಲ.

ಉಸ್ತುವಾರಿ ಚೆಂಡನ್ನು ತಾತನಿಗೆ ಎಸೆದು, “ತಾತ ತೊಳೆದ ಕ್ಯಾನಿನಲ್ಲಿ ಮುಖ ನೋಡ್ಕೊಂಡು ಗಡ್ಡ ಹೆರೀಬಹುದು” ಎಂದ. ಗೋಡೆ ಚಪ್ಪಾಳೆ ತಟ್ಟಿತು. ತಾತ ಅದನ್ನು ರೇಡಿಯೋಗೆ ಕೊಟ್ಟು, “ಈ ಹುಡುಗಿ ಇದ್ರೆ ನಂಗೆ ಗಡಿಯಾರ ಬೇಡ. ಇವಳ ಬಾಯಿ ನಿಂತ್ರೆ ಮನೆಗೆ ಹೊರಡೋ ಹೊತ್ತು ಅಂತ ಅರ್ಥ” ಎಂದ. ಅದು ಒಳ್ಳೆಯ ಮಾತೇ ಹೌದೇ ಎಂದು ತರಬೇತುದಾರಳು ಪೆನ್ಸಿಲು ಕಚ್ಚಿ ಯೋಚಿಸಿದಳು. ರೇಡಿಯೋ ಚೆಂಡನ್ನು ತೂಕದವನಿಗೆ ಎಸೆದು, ಅವನನ್ನು ಹೊಗಳಲು ಶುರುಮಾಡಿ, ಅವನ ಅಜ್ಜನವರೆಗೆ ಹೋದಾಗ ಪೀಪಿ ಊದಿ ನಿಲ್ಲಿಸಬೇಕಾಯಿತು.

ಈಗ ಉಳಿದದ್ದು ಟೆಸ್ಟರೊಬ್ಬನೇ. ತೂಕದವನು ಚೆಂಡನ್ನು ಅಂಗೈಯಲ್ಲಿ ಮೇಲೆ ಕೆಳಗೆ ಆಡಿಸಿ, “ಇನ್ನೂರ ಎಪ್ಪತ್ತು ಗ್ರಾಂ” ಎಂದ.

“ಸರಿ, ಈಗ ಅವರ ಬಗ್ಗೆ ಒಂದು ಒಳ್ಳೆ ಮಾತು” ಎಂದಳು ತರಬೇತುದಾರಳು.

ತೂಕದವನು ಆಕಾಶ ನೋಡಿದ. ಟೆಸ್ಟರು ನೆಲ ನೋಡಿದ. “ಹೇಳಣ್ಣಾ, ಹೇಳು! ಮೂಗು ಚೆನ್ನಾಗಿದೆ ಅನ್ನು!” ಎಂದಿತು ಗೋಡೆ. ತೂಕದವನು ನಿಧಾನವಾಗಿ ನಡೆದು ಹೋಗಿ, ಚೆಂಡನ್ನು ತಕ್ಕಡಿಯ ಮೇಲಿಟ್ಟು, ಮುಳ್ಳು ನಿಲ್ಲುವವರೆಗೆ ಕಾದು, “ಇನ್ನೂರ ಎಪ್ಪತ್ತೊಂದು” ಎಂದು ತಿದ್ದಿಕೊಂಡು ಸುಮ್ಮನಾದ.

ಹತ್ತಕ್ಕೆ ಮೂರು.

ಎರಡನೆಯ ಆಟಕ್ಕೆ ಹದಿನೈದು ಅಂಕ. ನಂಬಿಕೆಯ ಆಟ ಎಂದಳು. ಒಬ್ಬರು ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ಮರದ ದಿಮ್ಮಿಯ ಹಾಗೆ ಹಿಂದಕ್ಕೆ ಬೀಳಬೇಕು. ಉಳಿದ ನಾಲ್ವರು ಹಿಡಿಯಬೇಕು. ಯಾರು ಬೀಳುತ್ತೀರಿ ಎಂದಾಗ ನಾಲ್ವರೂ ಉಸ್ತುವಾರಿಯನ್ನು ನೋಡಿದರು. ಅಷ್ಟರಮಟ್ಟಿಗೆ ಅವರಲ್ಲಿ ಒಮ್ಮತವಿತ್ತು.

“ಹೆದರ್ಬೇಡಿ ಸಾರ್, ನಾವಿದೀವಲ್ಲ” ಎಂದಳು ರೇಡಿಯೋ.

ಉಸ್ತುವಾರಿ ಕಣ್ಣು ಮುಚ್ಚಿದ. ಹಿಂದೆ ಎಂಟು ಕೈಗಳು ಸಿದ್ಧವಾಗಿರುವ ಸದ್ದು, ತಾತನ ಉಸಿರು, ಬಳೆಗಳ ಸಪ್ಪಳ ಎಲ್ಲ ಕೇಳಿಸಿತು. ಧೈರ್ಯ ಬಂದು ಮೈ ಬಿಟ್ಟ. ಅದೇ ಗಳಿಗೆಗೆ ತಿರುವಿನಲ್ಲಿ ಮಧ್ಯಾಹ್ನದ ಲಾರಿ ಹಾರನ್ ಹೊಡೆಯಿತು.

ಆ ಹಾರನ್ನಿಗೆ ಒಂದು ನಿಯಮವಿತ್ತು. ಬಿಸಿಲಲ್ಲಿ ಬಂದ ಹಾಲು ಒಂದು ನಿಮಿಷವೂ ಹೊರಗೆ ನಿಲ್ಲಬಾರದು. ಹಾರನ್ ಕೇಳಿದ ಕೂಡಲೇ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಎಲ್ಲರೂ ಲಾರಿಯ ಬಳಿ ಇರತಕ್ಕದ್ದು. ಈ ನಿಯಮವನ್ನು ಮಾಡಿದವನೂ, ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದವನೂ, ಮೂರು ವರ್ಷ ದಿನಾ ಹೇಳಿ ಹೇಳಿ ಅವರ ಮೈಗೆ ಹಿಡಿಸಿದವನೂ ಉಸ್ತುವಾರಿಯೇ. ಎಂಟೂ ಕೈಗಳು ಲಾರಿಯ ಕಡೆಗೆ ಓಡಿದವು. ಉಸ್ತುವಾರಿಗೂ ಹಾರನ್ ಕೇಳಿಸಿತ್ತು. ಅವನೂ ಓಡಲು ಹೊರಟ. ಆದರೆ ದೇಹ ಆಗಲೇ ಬೇರೆ ದಿಕ್ಕಿಗೆ ಹೊರಟುಬಿಟ್ಟಿತ್ತು.

ಬಿದ್ದ ಸದ್ದಿಗೆ ಪಂಕ್ಚರಿನವನು, “ಟೈರಲ್ಲ, ರಿಮ್ಮೇ ಹೋಯ್ತು!” ಎಂದ.

ಹದಿನೆಂಟು ಕ್ಯಾನು ಇಳಿಸಿ, ಹಾಲನ್ನೆಲ್ಲ ತಣ್ಣಗಿನ ತೊಟ್ಟಿಗೆ ಸುರಿದು ತಾತ ವಾಪಸು ಬಂದಾಗ ಉಸ್ತುವಾರಿ ಇನ್ನೂ ಅಂಗಳದಲ್ಲೇ ಇದ್ದ. “ಏನ್ ಮಗಾ, ಬಿಸಿಲಲ್ಲಿ ಮಲಗಿದೀಯ?”

“ಹಾಲು ಇಳೀತಾ ತಾತ?”

“ಒಂದು ತೊಟ್ಟೂ ಚೆಲ್ಲಿಲ್ಲ.”

“ಹಾಗಾದ್ರೆ ನನ್ನನ್ನ ಎಬ್ಬಿಸು.”

ಹದಿನೈದಕ್ಕೆ ಸೊನ್ನೆ. ತರಬೇತುದಾರಳು ಸೊನ್ನೆಯನ್ನು ತಡೆದು ತಡೆದು ಬರೆದಳು. ಅಷ್ಟು ದುಂಡಗೆ ಬರಲಿಲ್ಲ. ಹೊಟ್ಟೆಗೆ ಹಾಕಿಕೊಳ್ಳುವ ಹೆಂಗಸು. ಪಾಪ ಎನ್ನಿಸಿತ್ತು ಅವಳಿಗೆ.

ಉಳಿದದ್ದು ಒಂದೇ ಆಟ, ಇಪ್ಪತ್ತೈದು ಅಂಕ. ಪೂರ್ತಿ ಬಂದರೆ ಮಾತ್ರ ಬಚಾವು. ಅಂಗಳದ ತುಂಬ ಖಾಲಿ ಕ್ಯಾನುಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿದರು. ಒಬ್ಬರು ಕಣ್ಣು ಕಟ್ಟಿಕೊಂಡು, ತುಂಬಿದ ಬಕೆಟ್ಟು ಹಿಡಿದು, ಯಾವ ಕ್ಯಾನಿಗೂ ತಾಕದೆ, ನೀರು ಚೆಲ್ಲದೆ ಈ ಕಡೆಯಿಂದ ಆ ಕಡೆಗೆ ಹೋಗಬೇಕು. ಇನ್ನೊಬ್ಬರು ದಾರಿ ತೋರಿಸಬೇಕು. ಮುಟ್ಟುವಂತಿಲ್ಲ. ಯಾರು ಯಾರು ಎಂಬುದಕ್ಕೆ ಚೀಟಿ ಎತ್ತಬೇಕು.

ರೇಡಿಯೋ ಚೀಟಿ ಎತ್ತಿ ಓದಿದಳು. ಓದಿದ ಮೇಲೆ, ಆರು ವರ್ಷದಲ್ಲಿ ಮೊದಲ ಸಲ, ಅವಳಿಗೆ ಮಾತು ಹೊರಡಲಿಲ್ಲ. ಕಣ್ಣು ಕಟ್ಟಿಕೊಳ್ಳುವವನು ತೂಕದವನು. ದಾರಿ ಹೇಳುವವನು ಟೆಸ್ಟರು.

ಉಸ್ತುವಾರಿ ಸೊಂಟ ಹಿಡಿದುಕೊಂಡು ಕ್ಯಾನೊಂದರ ಮೇಲೆ ಕುಳಿತ. ಹನ್ನೊಂದು ಮೊಳೆಗಳೂ ಒಂದೊಂದಾಗಿ ಗೋಡೆಯಿಂದ ಉದುರುವುದು ಅವನ ಕಿವಿಗೆ ಕೇಳಿಸಿತು.

ತೂಕದವನು ಕಣ್ಣು ಕಟ್ಟಿಸಿಕೊಂಡು ಬಕೆಟ್ಟು ಎತ್ತಿ ನಿಂತ. ಟೆಸ್ಟರು ಎದುರಿಗೆ ನಿಂತ. ಪೀಪಿ ಊದಿದ್ದಾಯಿತು. ಯಾರೂ ಕದಲಲಿಲ್ಲ. ಟೆಸ್ಟರಿನ ತುಟಿ ಎರಡು ಸಲ ಅಲುಗಿತು, ಎರಡು ಸಲವೂ ಮುಚ್ಚಿಕೊಂಡಿತು. ಮುದುಕಿಯೊಬ್ಬಳು ಗೋಡೆಯ ಆಚೆಯಿಂದ, “ಬಾಯ್ ಬಿಡೋ ಮಾರಾಯ, ನಿನ್ ಅಕ್ಕನ ಗಂಡ ಅಲ್ವೇನೋ!” ಎಂದಳು. ಅದಕ್ಕೂ ಇಲ್ಲ.

ಆಮೇಲೆ ಟೆಸ್ಟರು ತಕ್ಕಡಿಯ ಹತ್ತಿರ ಹೋಗಿ ಭಾವನ ಕೊಕ್ಕೆಯನ್ನು ತಂದ. ಮೊದಲ ಕ್ಯಾನಿನ ಪಕ್ಕಕ್ಕೆ ನಿಂತು ಅದರ ಹೊಟ್ಟೆಗೆ ಮೆಲ್ಲಗೆ ತಟ್ಟಿದ. ಟಣ್.

ತೂಕದವನ ತಲೆ ವಾಲಿತು. ಎಡಕ್ಕೆ ಒಂದು ಹೆಜ್ಜೆ ಸರಿದು, ಆ ಕ್ಯಾನನ್ನು ಬಲಕ್ಕೆ ಬಿಟ್ಟು ನಡೆದ. ಟೆಸ್ಟರು ಮುಂದಿನದನ್ನು ತಟ್ಟಿದ. ಮೂತಿ ನೆಗ್ಗಿದ ಹಳೆಯ ಕ್ಯಾನು, ದನಿ ಒಡಕು. ಹತ್ತೊಂಬತ್ತು ವರ್ಷದಿಂದ ತೂಕದವನು ಎತ್ತಿ ಇಳಿಸಿದ ಕ್ಯಾನುಗಳು. ಒಂದೊಂದರ ದನಿಯೂ ಅವನಿಗೆ ಮನೆಯವರ ಕೆಮ್ಮಿನ ಹಾಗೆ ಗೊತ್ತು. ಟೆಸ್ಟರು ತಟ್ಟುತ್ತ ಹೋದ, ತೂಕದವನು ಸುತ್ತುತ್ತ ಬಂದ. ಎರಡು ಕ್ಯಾನುಗಳ ನಡುವೆ ಇಕ್ಕಟ್ಟಾದಲ್ಲಿ ಟೆಸ್ಟರು ಎರಡನ್ನೂ ಬೇಗ ಬೇಗ ತಟ್ಟಿದ. ತೂಕದವನು ಅಡ್ಡವಾಗಿ ತಿರುಗಿ, ಬಕೆಟ್ಟನ್ನು ಮುಂದೆ ಹಿಡಿದು, ತೂಗು ಹಾಕಿದ ಹಾಗೆ ದಾಟಿಸಿದ. ಗೋಡೆಯ ಮೇಲೆ ಒಂದು ಕೆಮ್ಮೂ ಇಲ್ಲ. ಪಂಕ್ಚರಿನವನ ಬೀಡಿ ಬೆರಳು ಸುಟ್ಟದ್ದೂ ಅವನಿಗೆ ತಿಳಿಯಲಿಲ್ಲ.

ಆ ಕಡೆ ಮುಟ್ಟಿ ತೂಕದವನು ಬಕೆಟ್ಟು ಇಳಿಸಿದ. ತರಬೇತುದಾರಳು ಓಡಿ ಬಂದು ಬಕೆಟ್ಟನ್ನು ತಕ್ಕಡಿಗೆ ಇಡಿಸಿ ನೋಡಿದಳು. “ನನ್ನ ಅಳತೆ ಡಬ್ಬದಲ್ಲಿ ಹತ್ತು ಲೀಟರು ತುಂಬಿಸಿದ್ದೆ. ಒಂಬತ್ತು ಮುಕ್ಕಾಲು ಇದೆ. ಕಾಲು ಲೀಟರು ಚೆಲ್ಲಿದೆಯಲ್ಲ...”

“ಚೆಲ್ಲಿಲ್ಲ,” ಎಂದ ತೂಕದವನು ಕಣ್ಣಿನ ಬಟ್ಟೆ ಬಿಚ್ಚದೆ. “ಎತ್ತಿದಾಗ್ಲೇ ಒಂಬತ್ತು ಮುಕ್ಕಾಲು ಇತ್ತು. ನಿಮ್ ಅಳತೆ ಡಬ್ಬ ತಪ್ಪು.”

ಅಳತೆ ಡಬ್ಬಕ್ಕೂ ನೀರು ತುಂಬಿ ತಕ್ಕಡಿಗೆ ಇಟ್ಟು ನೋಡಿದರು. ತಪ್ಪೇ. ಅಂಗಳ ಒಣಗಿತ್ತು. ಗೋಡೆ ಕುಸಿಯುವಂಥ ಕೂಗು ಎದ್ದಿತು.

ಗಲಾಟೆಯ ನಡುವೆ ತೂಕದವನು, ಯಾರಿಗೂ ಅಲ್ಲ, ಗಾಳಿಗೆ ಹೇಳುವವನಂತೆ, “ಕೊಕ್ಕೆ ಎಡಗೈಲಿ ಹಿಡೀತಾರೆ ಕೆಲವ್ರು” ಎಂದ.

ಟೆಸ್ಟರು, ಅವನೂ ಗಾಳಿಗೇ, “ಕಣ್ಣು ಕಟ್ಟಿದ್ರೂ ಗೊತ್ತಾಯ್ತಲ್ಲ ಕೆಲವ್ರಿಗೆ” ಎಂದ.

ತರಬೇತುದಾರಳು ಕೂಡಿಸಿ ನೋಡಿದಳು. ಮೂರು, ಸೊನ್ನೆ, ಇಪ್ಪತ್ತೈದು. “ಇಪ್ಪತ್ತೆಂಟು! ಪಾಸಾದ್ರಿ!”

ಉಸ್ತುವಾರಿ ಆ ಕ್ಷಣದಲ್ಲೇ ಕೈಮುಗಿದು ಅವಳನ್ನು ಸ್ಕೂಟರು ಹತ್ತಿಸಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅವನೂ ಅದಕ್ಕೇ ಹೊರಟಿದ್ದ. ಆದರೆ ಗೋಡೆ ಬಿಡಬೇಕಲ್ಲ?

“ಬರೀ ಇಪ್ಪತ್ತೆಂಟಾ?” ಎಂದ ಪಂಕ್ಚರಿನವನು ಗೋಡೆಯಿಂದ ಜಿಗಿದು. “ಪಕ್ಕದೂರಿನ ಡೈರಿಗೆ ಮೂವತ್ತೊಂದು ಬಂದಿತ್ತಂತೆ ಕಣ್ರೀ! ನಾಳೆ ಅವ್ರು ನಮ್ಮ ಮುಖ ನೋಡಿ ನಗಲ್ವಾ?”

“ಕೇಳ್ರಿ ಸಾಹೇಬ್ರೆ, ಕೇಳಿ! ಯಾವಾಗ್ಲೂ ತಲೆ ಬಗ್ಗಿಸ್ತೀರಿ!” ಎಂದಿತು ಗೋಡೆ.

“ಕೇಳಿ ಸಾರ್. ಬಿದ್ದಿದ್ದಕ್ಕಾದ್ರೂ ಏನಾದ್ರೂ ಬರಬೇಡ್ವಾ?” ಎಂದಳು ರೇಡಿಯೋ.

ಉಸ್ತುವಾರಿ ಜನ್ಮದಲ್ಲಿ ಯಾರ ಹತ್ತಿರವೂ ವಾದ ಮಾಡಿದವನಲ್ಲ. ಐದು ವರ್ಗಕ್ಕೂ ‘ಆಗಲಿ ಸಾರ್’ ಎಂದೇ ಹೋದವನು. ಆದರೆ ಅವತ್ತು ಅವನ ಜನ ಅವನ ಕಣ್ಣ ಮುಂದೆ ಏನು ಮಾಡಿ ತೋರಿಸಿದ್ದರೋ ಅದು ಎದೆಗೆ ಏರಿತ್ತು. ಸೊಂಟ ಹಿಡಿದುಕೊಂಡೇ ಮುಂದೆ ಬಂದ.

“ಮೇಡಂ, ಎರಡನೇ ಆಟದಲ್ಲಿ ನನ್ನನ್ನ ಯಾರೂ ಹಿಡೀಲಿಲ್ಲ, ನಿಜ. ಆದ್ರೆ ಒಂದು ಹಾರನ್ನಿಗೆ ನಾಲ್ಕು ಜನ ಒಂದೇ ಕಡೆ ಓಡಿದ್ರು. ಬೀಳ್ತಿದ್ದ ನಾನೂ ಮನಸ್ಸಲ್ಲಿ ಆ ಕಡೆನೇ ಓಡ್ದೆ. ಯಾರೂ ಯಾರ್ಗೂ ಹೇಳ್ಲಿಲ್ಲ. ಆ ಲಾರೀಲಿ ನಾಲ್ಕು ಹಳ್ಳಿ ಹಾಲಿತ್ತು. ನಾನು ಬಿದ್ರೆ ತಾತ ಬಂದು ಎಬ್ಬಿಸ್ತಾನೆ. ಹಾಲು ಕೆಟ್ರೆ ಯಾರು ಎಬ್ಬಿಸ್ತಾರೆ? ಇನ್ನು ಮೊದಲನೇ ಆಟ. ಒಳ್ಳೇ ಮಾತು ಹೇಳ್ಲಿಲ್ಲ ಅಂತ ಅಂಕ ಕಳೆದ್ರಿ. ಆರು ವರ್ಷ ಸಿಟ್ಟಿಟ್ಕೊಂಡೂ ಒಬ್ಬರ ಬಗ್ಗೆ ಒಬ್ಬರು ಒಂದು ಕೆಟ್ಟ ಮಾತೂ ಹೇಳ್ಲಿಲ್ಲವಲ್ಲ, ಅದನ್ನ ಎಲ್ಲಿ ಬರ್ಕೋತೀರಿ?”

ತಾತ ಹೆಗಲ ಬಟ್ಟೆಯಿಂದ ಮೂಗು ಒರೆಸಿಕೊಂಡ. ತರಬೇತುದಾರಳ ಕಣ್ಣು ತುಂಬಿ ಬಂದಿತ್ತು. ಎಂಟು ವರ್ಷದಿಂದ ಕೇಂದ್ರ ಕೇಂದ್ರ ಅಲೆದು, ಚೆಂಡು ಎಸೆಸಿ, ಹಗ್ಗ ಎಳೆಸಿ, ಒಳಗೊಳಗೇ ‘ಇದರಿಂದ ಏನಾದರೂ ಆಗುತ್ತಿದೆಯೇ’ ಎಂದು ಅನುಮಾನಪಡುತ್ತಿದ್ದ ಹೆಂಗಸು. ಅಂಕದ ಹಾಳೆಯನ್ನು ಹರಿದು ಹೊಸದನ್ನು ತೆಗೆದಳು. “ಐವತ್ತಕ್ಕೆ ಐವತ್ತು. ಇದುವರೆಗೆ ಯಾರಿಗೂ ಕೊಟ್ಟಿಲ್ಲ. ನಿಮ್ಮ ಬಗ್ಗೆ ನಾನೇ ಕೈಯಾರೆ ಎರಡು ಪುಟ ಬರೀತೀನಿ ಸಾರ್. ಇವತ್ತೇ ತಲುಪಿಸ್ತೀನಿ.”

ಗೋಡೆಯವರು ಉಸ್ತುವಾರಿಯನ್ನು ಹೆಗಲ ಮೇಲೆ ಎತ್ತಿಕೊಂಡರು. ಸೊಂಟದ ನೋವಿಗೆ ಅವನು ಕಿರುಚಿದ್ದನ್ನು ಸಂತೋಷಕ್ಕೆ ಎಂದುಕೊಂಡು ಇನ್ನೂ ಮೇಲಕ್ಕೆ ಎತ್ತಿದರು.

ಸಂಜೆಯ ಹಾಲಿನ ಹೊತ್ತಿಗೆ ಊರಿಗೆಲ್ಲ ಸುದ್ದಿಯಾಗಿತ್ತು. ತೂಕದವನು ಮೊದಲ ಕ್ಯಾನು ಏರಿಸಿದ. ಕೊಕ್ಕೆ ಎತ್ತಿದವನು ಅರ್ಧದಲ್ಲೇ ಇಳಿಸಿ, ಗಂಟಲು ಸರಿಮಾಡಿಕೊಂಡು, “ಏಯ್... ಇದನ್ನ ನೋಡು” ಎಂದ.

“ನೋಡ್ದೆ ಬಾವ. ಇಪ್ಪತ್ತೊಂಬತ್ತು,” ಎಂದ ಟೆಸ್ಟರು.

ಅಣೆಕಟ್ಟಿನ ಬಾಗಿಲು ಅಷ್ಟು ಸರಿದದ್ದೇ ಸಾಕಾಯಿತು. ಎರಡನೆಯ ಕ್ಯಾನಿಗೆ ತೂಕದವನು, “ಅವತ್ತಿನ ಹಾಲಿಗೆ ನೀರು ನಾನು ಹಾಕಿರ್ಲಿಲ್ಲ ಕಣೋ” ಎಂದ.

“ಗೊತ್ತು ಬಾವ. ಅಕ್ಕ ಹಾಕಿದ್ದು. ಹೇಳಿದ್ರೆ ಅವಳನ್ನ ಬೈತೀಯ ಅಂತ ನಾನು ಬಾಯಿ ಬಿಡಲಿಲ್ಲ.”

“ನಂಗೂ ಅವತ್ತೇ ಗೊತ್ತಾಗಿತ್ತು. ನಿನ್ ಹತ್ರ ಮಾತಾಡಿದ್ರೆ ಎಲ್ಲಿ ಅವಳ ಹೆಸರು ಬಾಯಿಗೆ ಬರ್ತದೋ ಅಂತ ಸುಮ್ನಿದ್ದೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಟೆಸ್ಟರು ನಕ್ಕ, ಆಮೇಲೆ ತೂಕದವನು ತಕ್ಕಡಿಯ ಕಂಬ ಹಿಡಿದುಕೊಂಡು ನಕ್ಕ. ಟೆಸ್ಟರಿನ ಮಗ ಯಾವ ತರಗತಿ, ತೂಕದವನ ಮೊಣಕಾಲು ಹೇಗಿದೆ, ಕಪ್ಪು ಹಸು ಗಬ್ಬವಾಯಿತೇ, ಎಲ್ಲವನ್ನೂ ಒಂದೊಂದು ಕ್ಯಾನಿಗೆ ಒಂದೊಂದರಂತೆ ಕೇಳಬೇಕಿತ್ತು. ಬೀಡಿ ಹಚ್ಚುವಷ್ಟು ಹೊತ್ತಿನ ಕೆಲಸ ಬೀಡಿ ಕಟ್ಟುವಷ್ಟು ಹೊತ್ತು ಹಿಡಿಯತೊಡಗಿತು. ಸಾಲು ಬಾಗಿಲು ದಾಟಿ ಪಂಕ್ಚರ್ ಅಂಗಡಿಯವರೆಗೆ ಬೆಳೆಯಿತು.

ಆಗ ಉಸ್ತುವಾರಿಗೆ ಫೋನು ಬಂತು. ದೊಡ್ಡ ಕಚೇರಿಯ ದೊಡ್ಡ ಸಾಹೇಬರು.

“ಐವತ್ತಕ್ಕೆ ಐವತ್ತು! ಆ ಮೇಡಂ ಬರೆದಿದ್ದು ಓದಿ ನನಗೇ ಅಳು ಬಂತು ಕಣ್ರೀ.”

“ಎಲ್ಲ ತಮ್ಮ ದಯ ಸಾರ್.”

“ನೋಡಿ, ಇಂಥಾ ತಂಡಾನ ಒಂದೇ ಕಡೆ ಇಟ್ಕೊಂಡ್ರೆ ಬಿತ್ತನೆ ಬೀಜಾನ ಮೂಟೇಲೇ ಕಟ್ಟಿಟ್ಟ ಹಾಗೆ. ಬಿತ್ತಬೇಕು. ನಮ್ಮಲ್ಲಿ ಪೂರ್ತಿ ಕೆಟ್ಟುಹೋಗಿರೋ ಕೇಂದ್ರಗಳು ಐದಿವೆ. ನೀವು ಐದು ಜನ. ಸೋಮವಾರದಿಂದ ಒಬ್ಬೊಬ್ಬರು ಒಂದೊಂದು ಕಡೆ. ನಿಮಗೆ ಗುಡ್ಡದ ಆಚೆಯದ್ದು ಕೊಟ್ಟಿದೀನಿ. ಅಲ್ಲಿ ಯಾರಿಗೂ ಯಾರನ್ನೂ ಕಂಡ್ರಾಗಲ್ಲ. ಹೋಗಿ ಒಂದು ಮಾಡಿ.”

ಉಸ್ತುವಾರಿಗೆ ನಿಂತ ನೆಲ ಹಿಂದಕ್ಕೆ ವಾಲಿದಂತಾಯಿತು. “ಸಾರ್... ಕಮ್ಮಿ ಬಂದ್ರೆ ವರ್ಗ ಅಂತಲ್ವಾ ಸಾರ್ ಬರೆದಿದ್ದು?”

“ಅದು ಬೇರೆ. ಸೋತೋರನ್ನ ಅಕ್ಕಪಕ್ಕದ ಊರಿಗೇ ಹಾಕೋದು. ಸೈಕಲ್‌ನಲ್ಲಿ ಹೋಗಿ ಬರ್ತಾರೆ. ಗೆದ್ದೋರನ್ನ ತಾನೇ ದೂರ ಕಳಿಸೋಕೆ ಧೈರ್ಯ ಬರೋದು?”

ಉಸ್ತುವಾರಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. “ಇಪ್ಪತ್ತೆಂಟು ಬಂದಿದ್ರೆ ಸಾರ್?”

ಅತ್ತಲಿಂದ ದೊಡ್ಡ ನಗು. “ಇಪ್ಪತ್ತೆಂಟು ಬಂದೋರನ್ನ ಯಾರ್ರೀ ಮುಟ್ತಾರೆ? ರಿಟೈರಾಗೋವರ್ಗೂ ಇದ್ದಲ್ಲೇ ಇರ್ತಾರೆ.”

ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಹೆಂಡತಿ. ಪಂಕ್ಚರಿನವನು ಮನೆಗೇ ಹೋಗಿ ಹೇಳಿ ಬಂದಿದ್ದ. ಮುಖ ಅರಳಿಸಿಕೊಂಡು ಬಂದವಳು ಗಂಡನ ಮುಖ ನೋಡಿ ನಿಂತಳು.

“ಗೆದ್ರಂತಲ್ಲ?”

“ಗೆದ್ವಿ” ಎಂದ ಉಸ್ತುವಾರಿ. “ಪೂರ್ತಿ ಗೆದ್ವಿ.” ಆಮೇಲೆ ಉಳಿದದ್ದನ್ನು ತಗ್ಗಿದ ದನಿಯಲ್ಲಿ ಹೇಳಿದ. ಇಪ್ಪತ್ತೆಂಟರ ವಿಷಯ ಹೇಳುವಾಗ ಅವಳ ಮುಖ ನೋಡಲಿಲ್ಲ.

ಅವಳು ತಕ್ಕಡಿಯ ಕಡೆಗೆ ನೋಡಿದಳು. ಅಲ್ಲಿ ಟೆಸ್ಟರು ಸೀಸೆ ಕೈಯಲ್ಲೇ ಹಿಡಿದುಕೊಂಡು ಏನೋ ಹೇಳುತ್ತಿದ್ದ. ತೂಕದವನು ಅವನ ಬೆನ್ನಿಗೆ ಗುದ್ದಿ ನಗುತ್ತಿದ್ದ. ರೇಡಿಯೋ ಪೆನ್ನು ಕೆಳಗಿಟ್ಟು, ಬಾಯಿ ಮುಚ್ಚಿಕೊಂಡು, ಅವರಿಬ್ಬರ ಮಾತನ್ನು ಕೇಳುತ್ತ ಕೂತಿದ್ದಳು.

“ಅವ್ರಿಗೆ ಹೇಳಿದ್ರಾ?”

“ಇನ್ನೂ ಇಲ್ಲ.”

“ಇವತ್ತು ಹೇಳ್ಬೇಡಿ” ಎಂದಳು ಹೆಂಡತಿ.

ಸಾಲಿನ ಕೊನೆಯಿಂದ ಯಾರೋ ಕೂಗಿದರು. “ಸಾಹೇಬ್ರೆ, ಸ್ವಲ್ಪ ಬೇಗ ಬೇಗ ಮಾಡೋಕೆ ಹೇಳ್ರಪ್ಪ! ಕತ್ತಲಾಗ್ತಿದೆ. ಮೊದ್ಲಾದ್ರೆ ಇಷ್ಟೊತ್ತಿಗೆ ಮನೇಲಿರ್ತಿದ್ವಿ. ಏನ್ ಮಾತು, ಏನ್ ಮಾತು!”

ಉಸ್ತುವಾರಿ ತಕ್ಕಡಿಯ ಕಡೆಗೆ ಎರಡು ಹೆಜ್ಜೆ ಇಟ್ಟು, ನಿಂತು, ಸಾಲಿನ ಕಡೆಗೆ ತಿರುಗಿದ.

“ಆಡ್ಲಿ ಬಿಡ್ರಪ್ಪ” ಎಂದ. “ಭಾನುವಾರದವರೆಗೆ ತಾನೇ.”